ನೀಲಿ ಅರಿವಿ ಬ್ಯಾಡ ಅಂದವರು

ನನಗೆ ಆದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷಗಳ ಹಿಂದೆ, ಒಂಬತ್ತು ಜನರ ಎದುರಿಗೆ, ಹಿರಿಯ ಹೆಂಗಸೊಬ್ಬರು ನನಗೆ ಸಮಾಧಾನದ ಒಂದು ಮಾತು ಹೇಳಿದರು. ನನಗೆ ಅದು ಬೈಗುಳವಾಗಿ ಕೇಳಿಸಿತು. ಅದು ಬೈಗುಳವಲ್ಲವೆಂದು ಅರ್ಧ ಗಂಟೆಯೊಳಗೆ ತಿಳಿದುಕೊಂಡಿದ್ದ ಇಬ್ಬರನ್ನು ನಾನೇ ಕೇಳಿದೆ. ಅವರು ಹೇಳಲಿಲ್ಲ. ನಾನು ಆ ಹೆಂಗಸಿನ ಜೊತೆ ಮಾತು ಬಿಟ್ಟೆ. ಕಳೆದ ಸಂಕ್ರಾಂತಿಯಾದ ಮರುವಾರ ಅವರು ತೀರಿಕೊಂಡರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಅದಾದ ಎರಡು ತಿಂಗಳ ಮೇಲೆ.

ಆ ಇಬ್ಬರು ಈಗ ನಮ್ಮ ಕನ್ನಡ ಕೂಟದ ಅಧ್ಯಕ್ಷರು ಮತ್ತು ಕಾರ್ಯದರ್ಶಿ. ತೀರಿಕೊಂಡವರ ಬಗ್ಗೆ ದೀಪಾವಳಿ ಸಂಚಿಕೆಗೆ ಒಂದು ಲೇಖನ ಬೇಕೆಂದು ನನ್ನನ್ನು ಕೇಳಿದವರೂ ಅವರೇ. "ನಿಮ್ಮ ಕನ್ನಡ ಶುದ್ಧ ಅಂಕಲ್, ನೀವೇ ಬರೀಬೇಕು" ಎಂದರು. ಬರೆದಿದ್ದೇನೆ. ಒಂದಕ್ಷರವನ್ನೂ ಬಿಡದೆ ಅಚ್ಚು ಹಾಕಬೇಕೆಂಬುದು ನನ್ನ ಷರತ್ತು. ಹೋದವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಏಳು ವರ್ಷ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಬಾರದೆಂದು ತಡೆದವನಿಗೆ ಈಗ ಅದನ್ನು ಬರೆಯುವ ಹಕ್ಕು ಉಳಿದಿದೆಯೋ ಇಲ್ಲವೋ, ನನಗೆ ತಿಳಿಯುತ್ತಿಲ್ಲ.

ಅವರು ಧಾರವಾಡದ ಕಡೆಯವರು. ಮದುವೆಯಾದ ವರ್ಷವೇ ಗಂಡನೊಂದಿಗೆ ಟಾಂಜಾನಿಯಾಕ್ಕೆ ಹೋದವರು. ಗಂಡ ಅಲ್ಲಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಇಪ್ಪತ್ತಾರು ವರ್ಷ ಅಲ್ಲಿಯ ಅರುಷಾ ಊರಿನ ಸುತ್ತಮುತ್ತ ಕಳೆದು, ಗಂಡ ತೀರಿಕೊಂಡ ಮೇಲೆ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿರುವ ಮಗಳ ಮನೆಗೆ ಬಂದರು. ಗಿಡ್ಡ ಆಳು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಬಿಸಲಾಗ ಗಾಜು ಹೊಳದ್ರ ಪ್ರಾಣಿ ಓಡಿ ಹೋಗ್ತಾವ್ರಿ" ಎಂದರು. ಇರ್ವಿಂಗ್‌ನ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಆರಿಸುವಾಗ ಯಾವ ಪ್ರಾಣಿ ಓಡಿಹೋಗುತ್ತದೆ ಎಂದು ನಾನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಡಾಲಸ್ ಸುತ್ತಲಿನ ಕನ್ನಡ ಕುಟುಂಬಗಳಿಗೆ ಆಗ ಆಫ್ರಿಕಾ ಸಫಾರಿಯ ಹುಚ್ಚು ಹಿಡಿದಿತ್ತು. ಕಾಪೆಲ್‌ನಿಂದ, ಕ್ಯಾರಲ್ಟನ್‌ನಿಂದ ಜನ ಅವರ ಬಳಿಗೆ ಹೋಗಿ ಸಲಹೆ ಕೇಳುತ್ತಿದ್ದರು. ಮಕ್ಕಳು ಅವರನ್ನು 'ಸಫಾರಿ ಆಂಟಿ' ಎಂದೇ ಕರೆಯುತ್ತಿದ್ದರು. ನಮ್ಮ ಕೂಟದ ಒಂದು ಗುಂಪು, ನಾನು ಮತ್ತು ನನ್ನ ಹೆಂಡತಿ ಸೇರಿ ಹನ್ನೊಂದು ಜನ, ಜುಲೈ ತಿಂಗಳಲ್ಲಿ ಟಾಂಜಾನಿಯಾದ ಸೆರೆಂಗೆಟಿ ಅಭಯಾರಣ್ಯಕ್ಕೆ ಹೋಗುವುದೆಂದು ನಿಶ್ಚಯವಾದಾಗ ಅವರು ಕ್ಯಾರಲ್ಟನ್‌ನ ಗ್ರಂಥಾಲಯದ ಸಭಾಕೋಣೆಯಲ್ಲಿ ಐದು ಶನಿವಾರ ಪಾಠ ಹೇಳಲು ಒಪ್ಪಿದರು.

ಪಾಠ ಎಂದರೆ ಪಾಠವೇ. ಮೊದಲ ಶನಿವಾರ ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆ ತರಬೇಕೆಂದಿದ್ದರು. ಸೆರೆಂಗೆಟಿಯ ಒಳಗೆ ಹೋಗುವ ಪುಟ್ಟ ವಿಮಾನಗಳಲ್ಲಿ ತಲೆಗೆ ಹದಿನೈದು ಕಿಲೋ ಮಾತ್ರ, ಅದೂ ಚಕ್ರವಿಲ್ಲದ ಮೆತ್ತನೆಯ ಚೀಲದಲ್ಲಿ. ನಾವೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನ, ನಾಲ್ಕು ಚಕ್ರದ ಪೆಟ್ಟಿಗೆಗಳನ್ನು ತಂದಿದ್ದೆವು. ಒಂದೊಂದನ್ನೇ ಬಲಗೈಯಲ್ಲಿ ಎತ್ತಿ ಕೆಳಗಿಟ್ಟರು. ನನ್ನದರ ಸರದಿ ಬಂತು.

"ಹದಿನಾರೂವರಿ."

ನಾನು ಮನೆಯಿಂದ ತಂದಿದ್ದ ಸ್ಪ್ರಿಂಗ್ ತಕ್ಕಡಿಯನ್ನು ತೆಗೆದು ತೂಗಿದೆ. ಹದಿನಾರೂವರೆ. ಎರಡನೆಯ ಸಲ ತೂಗಿದೆ. ಹದಿನಾರೂವರೆ.

"ತಕ್ಕಡಿ ನಂಬ್ರಿ ರಾಯರ, ಬ್ಯಾಡನ್ನಂಗಿಲ್ಲ. ನನ್ನೂ ಒಂದಿಷ್ಟು ನಂಬ್ರಿ" ಎಂದು ನಕ್ಕರು. ನನ್ನನ್ನು ಅವರು 'ರಾಯರ' ಎಂದೇ ಕರೆಯುತ್ತಿದ್ದರು. ಉಳಿದವರಿಗೆ ನಾನು ಅಂಕಲ್. ಈ ನಾಡಿನಲ್ಲಿ ನನ್ನನ್ನು ಅಂಕಲ್ ಎನ್ನದೆ ಕರೆದ ಕೊನೆಯ ವ್ಯಕ್ತಿ ಅವರು.

ಅವರ ಸಲಹೆಗಳಲ್ಲಿ ಅರ್ಧ ಪ್ರಯಾಣದ್ದು, ಅರ್ಧ ನಡತೆಯದು. ಎರಡರ ನಡುವೆ ಗೆರೆ ಎಲ್ಲಿದೆಯೆಂದು ನನಗೆ ಹೊಳೆಯುತ್ತಿರಲಿಲ್ಲ. ನೀಲಿ ಮತ್ತು ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣ ಆ ಬಣ್ಣಗಳಿಗೆ ಮುತ್ತುತ್ತದೆ. ಗುಂಪಿನಲ್ಲೊಬ್ಬರು ನಮ್ಮೂರಿನ ಫುಟ್‌ಬಾಲ್ ತಂಡದ ನೀಲಿ ಜರ್ಸಿ ತೊಟ್ಟು ಬಂದಿದ್ದರು. "ಇದನ್ನ ಹಾಕ್ಕೊಂಡು ಹೋದ್ರ ನೊಣಾನೂ ನಿಮ್ಮ ಟೀಮಿಗೇ ಸೇರತಾವ ನೋಡ್ರಿ" ಎಂದರು. ಪ್ಲಾಸ್ಟಿಕ್ ಚೀಲಕ್ಕೆ ಅಲ್ಲಿ ನಿಷೇಧ. ಚಟ್ನಿಪುಡಿಯನ್ನೂ ಒಗೆಯುವ ಬಟ್ಟೆಯನ್ನೂ ಅಂಗಡಿಯ ಕವರಿನಲ್ಲಿ ಸುತ್ತುವ ನಮ್ಮ ಅಭ್ಯಾಸ ವಿಮಾನ ನಿಲ್ದಾಣದಲ್ಲೇ ನಿಲ್ಲಬೇಕು. ಅದಕ್ಕಾಗಿ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ಹನ್ನೊಂದು ಚೀಲ ಹೊಲಿದು ತಂದರು. ಮಲೇರಿಯಾ ಮಾತ್ರೆಯನ್ನು ಹೊರಡುವ ಮೊದಲೇ ಶುರು ಮಾಡಿ, ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು, "ಮನಿ ಮುಟ್ಟಿದಿವಿ ಅಂತ ಬಿಟ್ಟೀರಿ, ಸೊಳ್ಳಿ ನಿಮ್ಮ ಮನಿ ವಿಳಾಸ ಕೇಳಿಕೊಂಡು ಬಂದಿರತದ." ಹಳದಿ ಜ್ವರದ ಲಸಿಕೆಯ ಕಾಗದ ಬೇಕೋ ಬೇಡವೋ ಎಂಬುದು ಯಾವ ದೇಶದ ಮೂಲಕ ಹಾದು ಹೋಗುತ್ತೀರಿ ಎಂಬುದರ ಮೇಲಿದೆ, ಟಿಕೇಟು ತೆಗೆಯುವ ಮೊದಲು ಕೇಳಿ, ತೆಗೆದ ಮೇಲೆ ಅಳಬೇಡಿ. ಅಲ್ಲಿಯ ಹಳೆಯ ಜ್ವಾಲಾಮುಖಿಯ ಕುಳಿಯ ಅಂಚಿನಲ್ಲಿರುವ ವಸತಿಗಳಲ್ಲಿ ಮುಂಜಾನೆ ಹಲ್ಲು ಕಟಕಟಿಸುವ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದು ನಂಬಿ ಸ್ವೆಟರ್ ಬಿಟ್ಟು ಹೋಗುವವರು ಹಾಸಿಗೆಯ ಹೊದಿಕೆ ಹೊದ್ದುಕೊಂಡೇ ಜೀಪು ಹತ್ತುತ್ತಾರೆ.

ಊಟದ ವಿಷಯಕ್ಕೆ ಬಂದಾಗ ನನ್ನ ಕಡೆ ತಿರುಗಿದರು. "ರಾಯರ, ನೀವು ಮೈಸೂರವ್ರು. ನಿಮಗೇನು ತ್ರಾಸಿಲ್ಲ. ಅಲ್ಲಿ ಉಗಾಲಿ ಅಂತ ಕೊಡ್ತಾರ. ನಿಮ್ಮ ಮುದ್ದೀನ ಅದು, ಬೆಳ್ಳಗ ಇರತದ ಅಷ್ಟ. ಜೋಡಿಗೆ ರಾಜಗಿರಿ ಪಲ್ಯ. ನಮ್ಮಂಥಾ ರೊಟ್ಟಿ ಮಂದೀದು ಕಷ್ಟ."

"ನಾನು ಮುದ್ದೆ ತಿನ್ನುವುದಿಲ್ಲ" ಎಂದೆ. ನಿಜವಾಗಿಯೂ ತಿನ್ನುವುದಿಲ್ಲ.

"ಹಂಗಾರ ನೀವೆಂಥಾ ಮೈಸೂರವ್ರು?" ಎಂದರು. ಎಲ್ಲರೂ ನಕ್ಕರು. ಇದನ್ನು ನಾನು ಅವಮಾನದ ಪಟ್ಟಿಗೆ ಸೇರಿಸಿಕೊಂಡಿರಲಿಲ್ಲ. ಆಮೇಲೆ, ಹಿಂದಿನಿಂದ ಸೇರಿಸಿಕೊಂಡೆ. ಈಗ ತೆಗೆಯಬೇಕಾಗಿದೆ. ಹೇಗೆ ತೆಗೆಯುವುದೆಂದು ತೋಚುತ್ತಿಲ್ಲ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದಿದೆ. "ನಾವು ಅಲ್ಲಿ ಹೊಂಟದ್ದು ಬೀಗರ ಮನಿಗೆ. ಬೀಗರ ಮನ್ಯಾಗ ಯಾರರೆ ಸಿಳ್ಳಿ ಹೊಡೀತಾರೇನು? ಎದ್ದು ನಿಂತು 'ಏ, ಇತ್ಲಾಗ ನೋಡು' ಅಂತಾರೇನು? ಅವ್ರು ಬಂದು ಮಾತಾಡಿಸಿದಾಗ ಮಾತಾಡಿಸಬೇಕು. ಇಲ್ಲಾಂದ್ರ ಸುಮ್ಮ ಕೂಡಬೇಕು." ಅವರು ಎಂದರೆ ಆನೆ, ಸಿಂಹ, ಜಿರಾಫೆ. ಕಾಡುಕೋಣಗಳಂಥ ಆ ವಿಲ್ಡೆಬೀಸ್ಟ್ ಹಿಂಡು ನದಿ ದಾಟುವುದನ್ನು ಯಾವ ದಿನ ನೋಡಬಹುದೆಂದು ಗುಂಪಿನಲ್ಲಿದ್ದ ಈಗಿನ ಕಾರ್ಯದರ್ಶಿ ಕೇಳಿದಾಗ, "ಅವು ಮುಹೂರ್ತ ಇಡಿಸಿ ದಾಟಂಗಿಲ್ಲಪಾ" ಎಂದರು. ಜೀಪಿನ ಚಾಲಕನ ಹೆಸರು ಕೇಳಿ, ಅವನ ಮನೆಮಂದಿಯ ಕ್ಷೇಮ ವಿಚಾರಿಸಿದ ಮೇಲೆಯೇ ಚಿರತೆಯ ಮಾತು ಎತ್ತಬೇಕು ಎಂದು ತಾಕೀತು ಮಾಡಿದರು. ಅಲ್ಲಿ ನಮಸ್ಕಾರ ಹೇಳದೆ ಪ್ರಶ್ನೆ ಕೇಳುವುದು ಒಗ್ಗರಣೆ ಇಲ್ಲದ ಸಾರಿನಂತೆ. ಯಾರೂ ಬೇಡವೆನ್ನುವುದಿಲ್ಲ, ಆದರೆ ಎರಡನೆಯ ಸಲ ಬಡಿಸುವುದಿಲ್ಲ.

ಇವನ್ನೆಲ್ಲ ಅವರು ನಾಲ್ಕು ಹಾಳೆಗಳಲ್ಲಿ ಬರೆದಿದ್ದರು. ಅಚ್ಚು ಮಾಡಿ ಹಂಚುವ ಮೊದಲು ತಿದ್ದಿಕೊಡುವ ಕೆಲಸ ನನಗೆ ಬಂತು. ನಾನು ಈ ಊರಿನ ಒಂದು ಕಟ್ಟಡ ವಿನ್ಯಾಸದ ಕಂಪನಿಯಲ್ಲಿ ಬದುಕಿಡೀ ಇತರರ ನಕ್ಷೆಗಳಲ್ಲಿ ತಪ್ಪು ಹುಡುಕಿ ಕೆಂಪು ಗುರುತು ಹಾಕಿದವನು. ಅವರ ಹಾಳೆಗಳಲ್ಲೂ ಹಾಕಿದೆ. 'ನೀಲಿ ಅರಿವಿ ಹಾಕ್ಕೋಬ್ಯಾಡ್ರಿ' ಎಂದಿದ್ದುದನ್ನು 'ನೀಲಿ ಬಣ್ಣದ ವಸ್ತ್ರಗಳನ್ನು ಧರಿಸಬೇಡಿ' ಎಂದು ಮಾಡಿದೆ. ಮನಿ ಎಂದಿದ್ದಲ್ಲಿ ಮನೆ, ಆನಿ ಎಂದಿದ್ದಲ್ಲಿ ಆನೆ, ಸೊಳ್ಳಿ ಎಂದಿದ್ದಲ್ಲಿ ಸೊಳ್ಳೆ. ಎಣಿಸಿ ನೋಡಿದರೆ ನನ್ನ ತಿದ್ದುಪಡಿಗಳಲ್ಲಿ ಬಹುಪಾಲು ಕೊನೆಯಕ್ಷರದ 'ಇ'ಯನ್ನು 'ಎ' ಮಾಡಿದ್ದೇ. ಹಾಳೆಗಳನ್ನು ಹಿಂದಕ್ಕೆ ಕೊಟ್ಟಾಗ ಅವರು ಕನ್ನಡಕ ಏರಿಸಿ ಓದಿದರು.

"ಭಾಳ ಛಂದ ಮಾಡೀರಿ. ಈಗ ಇದನ್ನ ಓದಿದ್ರ ಆನಿಗೂ ತಿಳಿಯಂಗಿಲ್ಲ."

"ಆನೆಗೂ" ಎಂದೆ.

"ಹೌದ್ರಿ, ಆನೆಗೂ" ಎಂದು 'ನೆ'ಯನ್ನು ಎಳೆದು ಹೇಳಿ, ಹಾಳೆಗಳನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು. ಅವರು ಬೇಸರಪಟ್ಟಂತೆ ನನಗೆ ಕಾಣಲಿಲ್ಲ. ನನಗೆ ಕಾಣದ್ದು ಬೇರೇನಾದರೂ ಇತ್ತೇ?

ಐದನೆಯ ಶನಿವಾರ ಅದು ನಡೆಯಿತು. ಅವರು ಮಾದರಿಗೆಂದು ತಂದ ಮೆತ್ತನೆಯ ಚೀಲದ ಪಟ್ಟಿ ನೆಲದ ಮೇಲೆ ಬಿದ್ದಿತ್ತು. ನಾನು ಎಲ್ಲರ ಪಾಸ್‌ಪೋರ್ಟ್ ಪ್ರತಿಗಳ ಕಡತ ಹಿಡಿದು ನಡೆಯುವಾಗ ಕಾಲು ಸಿಕ್ಕಿ, ಮೇಜಿನ ಮೇಲಿದ್ದ ಅವಲಕ್ಕಿ ಚೂಡಾದ ಡಬ್ಬಿಯನ್ನು ಎಳೆದುಕೊಂಡು ಬಿದ್ದೆ. ಡಬ್ಬಿ ಉರುಳಿತು, ಕಡತ ಬಿಚ್ಚಿತು, ನಾನು ಚೂಡಾದ ನಡುವೆ ಕುಳಿತಿದ್ದೆ. ಎಪ್ಪತ್ತರ ಹೊಸ್ತಿಲಲ್ಲಿದ್ದ ಮನುಷ್ಯ. ಮೊದಲು ಓಡಿ ಬಂದವರು ಅವರೇ. ನನ್ನ ಮೊಣಕೈ ಹಿಡಿದು ಮುಖವನ್ನೇ ನೋಡುತ್ತ, "ಪೋಲಿ, ಪೋಲಿ ಸಾನಾ" ಎಂದರು.

ಆಮೇಲೆ ಕಾರ್ಯದರ್ಶಿ, "ಕರೆಕ್ಟಾಗಿ ಹೇಳಿದ್ರಿ ಆಂಟಿ!" ಎಂದರು. ಎಲ್ಲರೂ ನಕ್ಕರು.

ನನ್ನ ತಂದೆ ನನಗೆ ಒಂದು ದಿನವೂ ಆ ಶಬ್ದ ಬಳಸಿರಲಿಲ್ಲ. ನಾನು ಪ್ಯಾಂಟು ಕೊಡವಿಕೊಂಡು, ಕಡತವನ್ನು ಜೋಡಿಸಿ ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಕಾರಿನಲ್ಲಿ ಕುಳಿತೆ. ನನ್ನ ಹೆಂಡತಿ ಹಿಂದಿನ ಕೋಣೆಯಲ್ಲಿ ಚಹಾ ಸೋಸುತ್ತಿದ್ದಳು. ನಾನು ಬಿದ್ದ ಸದ್ದು ಅವಳಿಗೆ ಕೇಳಿಸಿತು, ಮಾತು ಕೇಳಿಸಲಿಲ್ಲ. ಅವಳು ಬರುವ ತನಕ ನಲವತ್ತು ನಿಮಿಷ ಕಾದೆ. ಅವಳಿಗಿಂತ ಮೊದಲು ಅಧ್ಯಕ್ಷರು ಬಂದರು, ಕೈಯಲ್ಲೊಂದು ಹಾಳೆ ಹಿಡಿದು. ಬೆನ್ನ ಹಿಂದೆಯೇ ಕಾರ್ಯದರ್ಶಿ. ನಾನು ಕಿಟಕಿ ಇಳಿಸಿದೆ.

"ಆಕೆ ನನಗೆ ಏನೆಂದರು? ನೀವು ಕೇಳಿದಿರಲ್ಲ, ಹೇಳಿ."

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಬಾಯಿಗೆ ಕೈ ಅಡ್ಡ ಹಿಡಿದರು.

"ಅಯ್ಯೋ, ಬಿಡಿ ಅಂಕಲ್. ತಮಾಷೆಗೆ" ಎಂದರು ಅಧ್ಯಕ್ಷರು.

ಇಷ್ಟೇ. 'ತಮಾಷೆಗೆ'. ಆ ಹಾಳೆ ಅವರ ಕೈಯಲ್ಲಿ ಮಡಿಸದೆ ಇತ್ತು; ಅದರ ಬಿಳಿಯ ಹಿಂಬದಿ ನನ್ನ ಕಡೆಗಿತ್ತು.

ಮನೆಗೆ ಬರುವಾಗ ಹೆಂಡತಿ ಕೇಳಿದಳು. "ಎಲ್ಲರ ಮುಂದೆ ಅವಮಾನ ಮಾಡಿದರು" ಎಂದೆ. "ಏನಂತ?" ಎಂದಳು. "ಆ ಶಬ್ದವನ್ನು ನನ್ನ ಬಾಯಿಂದ ಹೇಳಿಸಬೇಡ" ಎಂದೆ. ಅವರು ಕೊಟ್ಟ ಕಾಗದವನ್ನು ನನ್ನ ಕಾರಿನಲ್ಲಿ ಬಿಚ್ಚಬೇಡ ಎಂದೂ ಹೇಳಿದೆ. ಜುಲೈನಲ್ಲಿ ಹತ್ತು ಜನ ಸೆರೆಂಗೆಟಿಗೆ ಹೋದರು. ನನ್ನ ಹೆಂಡತಿ ಅವರಲ್ಲೊಬ್ಬಳು. ನಾನು ಕಾಪೆಲ್‌ನಲ್ಲಿ ಉಳಿದೆ.

ಆಮೇಲೆ ಅವರು ನನಗೆ ಮೂರು ಸಲ ಎದುರಾದರು. ಮೂರನ್ನೂ ನಾನು ಮರೆತಿಲ್ಲ.

ಮೊದಲನೆಯದು ಹ್ಯೂಸ್ಟನ್‌ನ ಒಂದು ಮದುವೆಯಲ್ಲಿ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು, "ರಾಯರ, ಆರಾಮಿದ್ದೀರಿ?" ಎಂದರು. ನಾನು ತಟ್ಟೆಯನ್ನು ಮರಳಿ ತಟ್ಟೆಗಳ ಅಟ್ಟಿಯ ಮೇಲಿಟ್ಟು ಹೊರಗೆ ಹೋದೆ. ಅಂದು ಊಟ ಮಾಡದೆ ಹ್ಯೂಸ್ಟನ್‌ನಿಂದ ಡಾಲಸ್‌ವರೆಗೆ ಡ್ರೈವ್ ಮಾಡಿದೆ.

ಎರಡನೆಯದು ಎದುರಾದದ್ದಲ್ಲ, ಫೋನು. ಮೈಸೂರಿನಲ್ಲಿ ನನ್ನ ಅಣ್ಣ ತೀರಿಕೊಂಡಾಗ ಧ್ವನಿಸಂದೇಶ ಬಿಟ್ಟಿದ್ದರು. ಅವರ ಧ್ವನಿ, ಆದರೆ ಅವರ ಮಾತಲ್ಲ. "ತಮ್ಮ ಅಣ್ಣನವರು ತೀರಿಕೊಂಡ ವಿಷಯ ತಿಳಿದು ದುಃಖವಾಯಿತು. ತಾವು ಸಮಾಧಾನ ತಂದುಕೊಳ್ಳಬೇಕು." ಒಂದೊಂದು ಪದವನ್ನೂ ಮೆಟ್ಟಿಲು ಇಳಿಯುವಂತೆ ಹಿಡಿದು ಹಿಡಿದು ಹೇಳಿದ್ದರು. ನಂತರ ಸ್ವಲ್ಪ ಹೊತ್ತು ಉಸಿರಿನ ಸದ್ದು. ಕೊನೆಗೆ, ಬಾಯಿತಪ್ಪಿ ಬಂದಂತೆ, ಮೆಲ್ಲಗೆ, "ಪೋಲಿ ಸಾನಾ, ರಾಯರ." ಸೂತಕದ ಮನೆಗೆ ಫೋನ್ ಮಾಡಿ, ನನ್ನ ಕನ್ನಡವನ್ನು ಅಣಕಿಸಿ, ಮತ್ತೆ ಅದೇ ಬೈಗುಳವನ್ನು ಬೈದರಲ್ಲ ಎಂದು ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಸಂದೇಶವನ್ನು ಅಳಿಸಲಿಲ್ಲ, ಪುರಾವೆಗೆಂದು ಇಟ್ಟುಕೊಂಡೆ.

ಮೂರನೆಯದು ಆಸ್ಟಿನ್‌ನಲ್ಲಿ, ಪರಿಚಿತರ ಗೃಹಪ್ರವೇಶ. ಮನೆಯವರು ಕೀನ್ಯಾಕ್ಕೆ ಹೊರಟಿದ್ದರು, ಸಲಹೆ ಕೇಳಿದರು. ಇವರು ಸೋಫಾದ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ನನ್ನತ್ತ ಒಮ್ಮೆ ನೋಡಿ, "ನೀಲಿ ಬಣ್ಣದ ವಸ್ತ್ರಗಳನ್ನು ಧರಿಸಬೇಡಿ" ಎಂದರು. ಕೇಳಿದವರು ನಕ್ಕರು. ಅವರು ನಗಲಿಲ್ಲ. ನನ್ನ ವಾಕ್ಯವನ್ನೇ ತಿರುಗಿಸಿ ನನಗೆ ಹೊಡೆಯುತ್ತಿದ್ದಾರೆ ಎಂದುಕೊಂಡು ನಾನು ಎದ್ದು ಅಂಗಳಕ್ಕೆ ಹೋದೆ. ಅವರು ಅಂದು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಅಣಕಿಸುವವರು ಎದುರಿನವನ ಮುಖದಲ್ಲಿ ನೋವನ್ನು ಹುಡುಕುತ್ತಾರೆ. ಅವರು ಹುಡುಕಿದ್ದು ಅದೇ ಎಂದು ಇಷ್ಟು ದಿನ ತಿಳಿದಿದ್ದೆ.

ಕಳೆದ ಮಾರ್ಚ್‌ನಲ್ಲಿ ಆಸ್ಟಿನ್‌ನಲ್ಲಿರುವ ನನ್ನ ಮಗಳು ಫೋನಿಗೆ ಒಂದು ಹಾಳೆಯ ಚಿತ್ರ ಕಳಿಸಿದಳು. ಬೇಸಿಗೆಗೆ ಅವಳ ಕುಟುಂಬ ಟಾಂಜಾನಿಯಾಕ್ಕೆ ಹೊರಟಿತ್ತು. "ಅಪ್ಪಾ, ಸಫಾರಿ ಆಂಟಿ ನೋಟ್ಸಿನ ಲಾಸ್ಟ್ ಪೇಜ್ ಇದು. ಎಲ್ರೂ ಇದನ್ನೇ ಫಾರ್ವರ್ಡ್ ಮಾಡ್ತಾರೆ. ಸರಿ ಇದೆಯಾ ಸ್ವಲ್ಪ ಚೆಕ್ ಮಾಡಿ" ಎಂದಳು. ಐದನೆಯ ಹಾಳೆ. ನಾನು ತಿದ್ದಿದವು ನಾಲ್ಕು; ಇದು ಆ ಕೊನೆಯ ಶನಿವಾರ ನಾನು ಹೊರಗೆ ಹೋದ ಮೇಲೆ ಹಂಚಿದ್ದು. ಇದನ್ನು ನನಗೆ ತೋರಿಸಿರಲಿಲ್ಲ. ತಿದ್ದಿಸಲು ಹೊತ್ತಿರಲಿಲ್ಲವೋ, ಮನಸ್ಸಿರಲಿಲ್ಲವೋ. ಅವರದೇ ಅಕ್ಷರ. ಮೇಲೆ 'ಅಲ್ಲಿ ಹೋದಾಗ ಬೇಕಾಗೋ ಹತ್ತು ಮಾತು' ಎಂದಿತ್ತು; ಅಲ್ಲಿಯ ಜನರ ಭಾಷೆಯ ಮಾತುಗಳು. ಆರನೆಯದು ಹೀಗಿತ್ತು:

'ಪೋಲೆ. ಯಾರರೆ ಬಿದ್ದರ, ಅತ್ತರ, ದಣದರ, ಅವರ ಮನ್ಯಾಗ ಸಾವಾದರ ಹೇಳೂ ಮಾತು. ನಮ್ಮ ಕಡೆ ಅಯ್ಯ ಪಾಪ ಇದ್ದಂಗ. ಸಾನಾ ಹಚ್ಚಿದರ ಭಾಳ ಅಂತ. ಎರಡು ಸಲ ಅಂದರ ನಿಧಾನ ಅಂತನೂ ಆಗತದ.'

ಅದರ ಕೆಳಗೆ ಬೇರೆ ಶಾಯಿಯಲ್ಲಿ: 'ನಮ್ಮ ಪೋಲಿ ಅಲ್ಲ.'

ಅವರ ಬಾಯಲ್ಲಿ ಮನೆ ಮನಿಯಾಗುತ್ತದೆ, ಆನೆ ಆನಿಯಾಗುತ್ತದೆ. ಪೋಲೆ ಇನ್ನೇನಾಗಬೇಕಿತ್ತು? ನಾಲ್ಕು ಹಾಳೆಯುದ್ದಕ್ಕೂ ಕೆಂಪು ಶಾಯಿಯಲ್ಲಿ 'ಇ'ಯನ್ನು 'ಎ' ಮಾಡಿದ ನಾನು, ಮಾಡಲೇಬೇಕಾಗಿದ್ದ ಒಂದು ಕಡೆ ಮಾಡಲಿಲ್ಲ. ಮತ್ತೆ ಆ ಬೇರೆ ಶಾಯಿಯ ಸಾಲು: ಅದನ್ನು ಬರೆದದ್ದು ನಾನು ಬೀಳುವ ಮೊದಲೋ, ಎದ್ದು ಹೋದ ಮೇಲೋ? ಮೊದಲಾದರೆ ಅದು ಬರೀ ಸೂಚನೆ. ಮೇಲಾದರೆ ನನಗೆಂದೇ ಬರೆದ ಪತ್ರ. ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದೆ. ಬದುಕಿಡೀ ಗೆರೆಗಳನ್ನು ಓದಿದವನಿಗೆ ಆ ಮೂರು ಪದಗಳ ಕಾಲ ಓದಲಾಗಲಿಲ್ಲ.

ಅಡುಗೆಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ.

"ಇದಾ?" ಎಂದಳು. "ಈ ಒಂದು ಮಾತಿಗಾ ಏಳು ವರ್ಷ?"

"ನಿನಗೆ ಇದರ ಅರ್ಥ ಗೊತ್ತಿತ್ತೇ?"

"ಗೊತ್ತಿಲ್ದೆ ಏನು! ಸೆರೆಂಗೆಟಿಯಲ್ಲಿ ನನ್ನ ತಲೆ ಜೀಪಿನ ಕಂಬಿಗೆ ಹೊಡೆದಾಗ ಆ ಡ್ರೈವರ್ ಪೋಲೆ ಪೋಲೆ ಅಂತ ಹತ್ತು ಸಲ ಅಂದ. ಆದ್ರೆ ನೀವು ಮುನಿಸಿಕೊಂಡಿದ್ದು ಈ ಮಾತಿಗೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಶಬ್ದ ಹೇಳಿ ಅಂದ್ರೆ ಬಾಯಿ ಬಿಡಲಿಲ್ಲ. ಅವರ ಹೆಸರೆತ್ತಿದ್ರೆ ಎದ್ದು ಹೋಗ್ತಿದ್ರಿ."

"ಅವರು ನಿನ್ನನ್ನು ಏನೂ ಕೇಳಲಿಲ್ಲವೇ?"

"ಕೇಳಿದ್ರು. ರಾಯರಿಗೆ ಏನಾಗಿದೆ ಅಂತ. ಅವರ ಸ್ವಭಾವವೇ ಹಾಗೆ ಆಂಟಿ ಅಂದೆ. ಇನ್ನೇನು ಹೇಳ್ಲಿ?"

ಮರುದಿನ ಇರ್ವಿಂಗ್‌ಗೆ, ಅವರ ಮಗಳ ಮನೆಗೆ ಹೋದೆ. ತೀರಿಕೊಂಡಾಗ ಹೋಗದವನು ಎರಡು ತಿಂಗಳಾದ ಮೇಲೆ ಬಾಗಿಲು ತಟ್ಟಿದರೆ ಯಾರಾದರೂ ಆಶ್ಚರ್ಯಪಡುತ್ತಾರೆ. ಮಗಳಿಗೆ ಐವತ್ತು ದಾಟಿದೆ. ಹುಟ್ಟಿದ್ದು ಅರುಷಾದಲ್ಲಿ, ಮಾತು ತಾಯಿಯದೇ. ಒಳಗೆ ಕರೆದು ಕೂರಿಸಿದರು. ನಾನು ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಅವರು ಚಹಾ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತ ಕೇಳಿದರು.

"ಅವ್ವ ಆವತ್ತ ಕೇಳಿದ್ಲು ಅಂಕಲ್. ಪೆಟ್ಟಾತೇನು, ಯಾಕ ಹಂಗ ಎದ್ದು ಹೋದ್ರು ಅಂತ."

"ಯಾರನ್ನು ಕೇಳಿದರು?"

"ಈಗಿನ ಪ್ರೆಸಿಡೆಂಟ್, ಸೆಕ್ರೆಟರಿ ಇಬ್ಬರನ್ನೂ. ಪಾರ್ಕಿಂಗ್ ಲಾಟ್‌ನಿಂದ ಚೀಲ ಒಯ್ಯಲಿಕ್ಕೆ ತಿರುಗಿ ಒಳಗ ಬಂದ್ರಂತ, ಆವಾಗ."

"ಅವರು ಏನೆಂದರು?"

ಅವರು ಲೋಟವನ್ನು ಕೆಳಗಿಟ್ಟರು. ನಾನು ಮತ್ತೆ ಕೇಳಿದೆ.

"'ಅವರು ಮೈಸೂರಿನವರು ಆಂಟಿ, ನಿಮ್ಮ ಸೈಡಿನ ಕನ್ನಡ ಅವರಿಗೆ ಹಿಡಿಸೋದಿಲ್ಲ' ಅಂದ್ರಂತ. ನಕ್ಕೋತ ಅಂದ್ರಂತ. ಅವ್ವ ಅದನ್ನ ಮನಿಗೆ ಬಂದು ಹೇಳುವಾಗ ನಗಲಿಲ್ಲ." ಲೋಟವನ್ನು ಬದಿಗೆ ಸರಿಸಿ, "ಆಮ್ಯಾಲ ನಿಮ್ಮ ಕೆಂಪು ಗುರುತಿನ ಹಾಳಿ ಹಿಡಕೊಂಡು ಗಟ್ಟಿ ಓದತಿದ್ಲು. 'ಧರಿಸಬೇಡಿ, ಧರಿಸಬೇಡಿ' ಅಂತ. ಈ ವಯಸ್ಸಿನಾಗ ಯಾಕವ್ವಾ ಅಂದ್ರ, 'ರಾಯರು ಕಲತವ್ರು, ಅವ್ರ ಕಿವಿಗೆ ನೋವಾಗಬಾರದು' ಅನ್ನಾಕಿ" ಎಂದರು.

ನಾನು ಚಹಾ ಕುಡಿಯದೆ ಎದ್ದುಬಂದೆ. ಅದು ಕೂಡ ತಪ್ಪೇ ಎಂದು ಕಾರಿನಲ್ಲಿ ಹೊಳೆಯಿತು. ಆದರೆ ತಿರುಗಿ ಹೋಗದೆ ಕಾರನ್ನು ಮನೆಯ ಕಡೆಗೆ ಹೊರಡಿಸಿದೆ.

ಅಂದಿನಿಂದ ಲೆಕ್ಕ ಹಾಕುತ್ತಲೇ ಇದ್ದೇನೆ, ಕೂಡುತ್ತಿಲ್ಲ. ಅವಮಾನಿತನು ನಾನು ಎಂದುಕೊಂಡಿದ್ದೆ. ಆದರೆ ಹ್ಯೂಸ್ಟನ್‌ನಲ್ಲಿ ತಟ್ಟೆ ಹಿಂದಕ್ಕಿಟ್ಟವನು ನಾನು, ಆಸ್ಟಿನ್‌ನಲ್ಲಿ ಎದ್ದು ಹೋದವನು ನಾನು. ನನ್ನ ಎದುರಿಗೆ ತನ್ನ ತಾಯ್ಮಾತನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ನನಗೆ ನೋಯದಂತೆ ಪುಸ್ತಕದ ಕನ್ನಡದಲ್ಲಿ ಸಾವಿನ ಸಮಾಧಾನ ಹೇಳಲು ಹೆಣಗಿದವರು ಅವರು. ಅವರನ್ನು ಕ್ಷಮಿಸಲು ನನ್ನ ಬಳಿ ಏನೂ ಇಲ್ಲ. ನನ್ನನ್ನು ಕ್ಷಮಿಸಲು ಅವರಿಲ್ಲ. ನಾನು ಹಾಳೆ ತಿದ್ದಿದ್ದು ನಿಜ. ಅಚ್ಚಿಗೆ ಹೋಗುವ ಕಾಗದ ಎಂದು ತಿದ್ದಿದೆ. ಆದರೆ ಅವರ ಬಾಯಿಂದ ಆ ಧಾರವಾಡದ ಮಾತನ್ನು ಕೇಳಲು ಶನಿವಾರ ಬರುವುದನ್ನೇ ಕಾಯುತ್ತಿದ್ದೆ ಎಂದು ಅವರಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ನನ್ನ ಪಾಲಿನ ತಪ್ಪನ್ನು ನಾನು ಹೊರುತ್ತೇನೆ. ನಿಮ್ಮ ಪಾಲಿನದು ಬೇರೆ ಇದೆ. ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಆ ಮಧ್ಯಾಹ್ನ ನಿಮ್ಮ ಕೈಯಲ್ಲಿ ಅರ್ಥ ಬರೆದ ಹಾಳೆ ಇತ್ತು. ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು, ನಡುವೆ ಓಡಾಡಿದವರು ನೀವಿಬ್ಬರೇ. ನನ್ನ ಬಳಿ ಬಂದು 'ತಮಾಷೆ' ಎಂದಿರಿ. ಅದನ್ನಾದರೂ ನಗುವಿನ ಹುಡುಗಾಟವೆಂದು ಬಿಟ್ಟೇನು. ಒಳಗೆ ಹೋಗಿ ಅವರಿಗೆ ಹೇಳಿದ ಮಾತಿಗೆ ಮಾತ್ರ ನಿಮ್ಮ ಉತ್ತರ ಬೇಕು, ಇದೇ ಸಂಚಿಕೆಯಲ್ಲಿ, ನಿಮ್ಮ ಸಹಿಯೊಂದಿಗೆ: ಧಾರವಾಡದ ಕನ್ನಡ ನನಗೆ ಹಿಡಿಸುವುದಿಲ್ಲವೆಂದು ನಾನು ನಿಮಗೆ ಯಾವ ದಿನ ಹೇಳಿದೆ?